ಗುರುವಾರದ ಬಸ್ಸು

“ಮೇಡಂ, ನಿಮ್ಮ ಮನಿ ಕಾರು ಹಿಂದ ಬರಾಕತ್ತದ ನೋಡ್ರಿ.”

ಬಸ್ಸಿನಲ್ಲಿ ಪಕ್ಕ ಕೂತಿದ್ದ ಸ್ವಪ್ನಾಳಿಗೆ ಮೌನೇಶ್ವರಿ ಹೇಳಿದ್ದು ಮೆಲ್ಲಗೇ. ಆದರೂ ಹಿಂದಿನ ಸೀಟಿನಲ್ಲಿದ್ದ ರಂಜಾನಬಿಗೆ ಕೇಳಿಸಿತು. ರಾಯಚೂರಿನಿಂದ ಮಾನ್ವಿಗೆ ಬಳೆ ಒಯ್ದು ಮಾರುವ ಹೆಂಗಸು. ಬಳೆಯ ಗಂಟನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಹೊರಳಿ ನೋಡಿದಳು.

“ಲಗ್ನದ ದಿಬ್ಬಣ ಹೊಂಟಂಗದಲ್ಲವ್ವಾ. ಮುಂದ ಬಸ್ಸಿನ್ಯಾಗ ಮದುಮಗಳು, ಹಿಂದ ಕಾರಿನ್ಯಾಗ ಮದುಮಗ.”

ಸುತ್ತಲಿನವರು ನಕ್ಕರು. ನಗಲು ಹೋದ ಸ್ವಪ್ನಾಳ ಮುಖ ಬಿಗಿಯಿತು. ಬಿಳಿ ಕಾರು ಬಸ್ಸನ್ನು ಹಿಂದೆ ಹಾಕುತ್ತಲೂ ಇರಲಿಲ್ಲ, ದೂರ ಉಳಿಯುತ್ತಲೂ ಇರಲಿಲ್ಲ.

ಮಾನ್ವಿಯ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಗಂಡ ಬಸವಪ್ರಸಾದನೇ ಅವಳನ್ನು ಬೆಳಿಗ್ಗೆ ಬಿಟ್ಟು, ರಾಯಚೂರಿನ ತನ್ನ ಅಕ್ಕಿ ಮಿಲ್ಲಿಗೆ ವಾಪಸಾಗಿ, ಸಂಜೆ ಮತ್ತೆ ಹೋಗಿ ಕರೆತರುತ್ತಿದ್ದ. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕೆಂದು ನೆಂಟರು ಅನ್ನುತ್ತಿದ್ದರು. ಅವಳೂ ಬಹಳ ಕಾಲ ಹಾಗೇ ಅಂದುಕೊಂಡಿದ್ದಳು. ಕಾರಿನಲ್ಲಿ ಅವನು ಫೋನಿನಲ್ಲಿ ಭತ್ತದ ದರ ಮಾತಾಡುವನು. ಫೋನು ಇಟ್ಟಾಗ ಕೇಳುವನು: ಇವತ್ತು ಯಾರ್ಯಾರು ಬಂದಿದ್ರು? ಊಟಕ್ಕ ಯಾರ ಬಾಜೂ ಕುಂತಿದ್ದಿ? ಏನು ಮಾತಾಡಿದ್ರಿ? ಕೇಳುವ ದನಿಯಲ್ಲಿ ಸಿಟ್ಟಿರುತ್ತಿರಲಿಲ್ಲ. ಅದಕ್ಕೇ ಅವಳು ಪ್ರತಿಯೊಂದಕ್ಕೂ ಉತ್ತರ ಕೊಡುತ್ತಿದ್ದಳು.

ಊರಿನ ಹೊಗೆ, ಗದ್ದಲ ಕಡಿಮೆಯಾಗಲಿ ಎಂದು ಈ ವರ್ಷ ಅವಳೇ ವಿದ್ಯಾರ್ಥಿಗಳನ್ನು ಕೂಡಿಸಿ ‘ಗುರುವಾರ ಕಾರು ಬೇಡ’ ಎಂಬ ಪ್ರತಿಜ್ಞೆ ಮಾಡಿಸಿದ್ದಳು. ಭಾಷಣ ಮುಗಿದ ಮೇಲೆ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು. “ಮೇಡಂ, ನಿಮ್ಮ ಕಾರು ನಿಮ್ಮನ್ನ ಬಿಟ್ಟು ಖಾಲಿ ಹೋಗ್ತದ, ಕರಿಯಾಕ ಖಾಲಿ ಬರ್ತದ. ನಿಮ್ಮೊಬ್ಬರ ಸಲುವಾಗಿ ದಿನಾ ನಾಕು ಸಲ ಓಡ್ತದಲ್ರಿ?” ಸಭೆಯೆಲ್ಲ ನಕ್ಕಿತ್ತು. ಮುಂದಿನ ಗುರುವಾರ ಸ್ವಪ್ನಾ ಬಸ್‌ಸ್ಟ್ಯಾಂಡಿಗೆ ಬಂದಿದ್ದಳು.

ಮೊದಲ ದಿನ ಸೀಟು ಸಿಗದೆ ನಿಂತೇ ಬಂದಿದ್ದಳು. ಎರಡನೆಯ ವಾರ ಮೌನೇಶ್ವರಿ ತನ್ನ ಪಕ್ಕ ಜಾಗ ಹಿಡಿದಿಟ್ಟಿದ್ದಳು. ಇತಿಹಾಸ ಕಲಿಸುವ ಮೌನೇಶ್ವರಿ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ವರ್ಷಗಟ್ಟಲೆ ಎದುರಿಗೆ ಕೂತವಳು. ಆದರೆ ಅವಳ ನಗೆ ಇಷ್ಟು ದೊಡ್ಡದೆಂದು ತಿಳಿದದ್ದು ಬಸ್ಸಿನಲ್ಲಿ. ಮುಟ್ಟು ನಿಲ್ಲುವ ಕಾಲದ ಬೆವರು, ಸುಮ್ಮಸುಮ್ಮನೆ ಬರುವ ಅಳು, ಮನೆಯಲ್ಲಿ ಯಾರ ಮುಂದೆಯೂ ಆಡದ ಮಾತುಗಳನ್ನು ಸ್ವಪ್ನಾ ಇದೇ ಸೀಟಿನಲ್ಲಿ ಆಡಿದ್ದಳು. ಸಂಜೆ ಬಸವಪ್ರಸಾದ ಕೇಳಿದಾಗ ಮಾತ್ರ, “ಏನಿಲ್ರಿ, ಹಂಗ ಸುಮ್ಮನ” ಎಂದಿದ್ದಳು. ಮದುವೆಯಾದ ಮೇಲೆ ಅವನಿಗೆ ಲೆಕ್ಕ ಒಪ್ಪಿಸದೆ ಉಳಿಸಿಕೊಂಡದ್ದೆಂದರೆ ಆ ಒಂದು ತಾಸು.

ಕಲ್ಲೂರಿನಲ್ಲಿ ಬಸ್ಸು ನಿಂತಿತು. ಬಸವಪ್ರಸಾದ ಕಾರಿನಿಂದಿಳಿದು ಅವಳ ಕಿಟಕಿಯ ಕೆಳಗೆ ಬಂದ.

“ಇಳಿದು ಬಾ. ಮಿಲ್ಲಿನ ಸಾವ್ಕಾರನ ಹೆಂಡ್ತಿ ಪುಕ್ಕಟಿ ಬಸ್ಸಿಗೆ ಹೊಂಟಾಳಂತ ಗಂಜ್ ಬಜಾರದಾಗ ಮಂದಿ ನಗಾಕತ್ತಾರ.”

“ನಗಲಿ ಬಿಡ್ರಿ.”

“ನೀ ಬಸ್ಸಿಗೆ ಬಂದ್ರೂ ನನ್ನ ಕಾರು ಓಡೋದು ತಪ್ಪಲಿಲ್ಲ. ಏನು ಉಳಿಸ್ದಂಗಾತು ಹೇಳು?”

ಬಸ್ಸೆಲ್ಲ ಕಿವಿಯಾಗಿತ್ತು. ಸ್ವಪ್ನಾಳಿಗೆ ಎಲ್ಲಿಂದ ಧೈರ್ಯ ಬಂತೋ, “ಹಂಗಾರ ಕಾರು ಇಲ್ಲೇ ಬಿಟ್ಟು ನೀವೂ ಹತ್ರಿ” ಎಂದುಬಿಟ್ಟಳು.

“ಹತ್ರಿ ಸಾವ್ಕಾರ್ರ,” ಎಂದಳು ರಂಜಾನಬಿ. “ಆದ್ರ ನೀವು ಗಂಡಸ್ರು, ಟಿಕೀಟು ತಗೀಬೇಕಾಗ್ತದ ಮತ್ತ.”

ನಗೆಯ ನಡುವೆ ಅವನು ತಿರುಗಿ ನಡೆದ. ಮೌನೇಶ್ವರಿ ಅವಳ ಕೈ ಹಿಸುಕಿದಳು. “ಭೇಷ್ ಮೇಡಂ.” ಗೆದ್ದೆ ಎಂದುಕೊಂಡಳು ಸ್ವಪ್ನಾ.

ಕಂಡಕ್ಟರ್ ಸೀಟಿ ಊದುವಷ್ಟರಲ್ಲಿ ಮುಂಬಾಗಿಲಿಂದ ಬಸವಪ್ರಸಾದ ಹತ್ತಿ ಬಂದ. ಕಾರು ಚಹಾದಂಗಡಿಯ ಬದಿಗೆ ನಿಂತಿತ್ತು.

“ಕಾರು ಬ್ಯಾಡ ಅಂದಿ, ಬಿಟ್ಟೆ ನೋಡು,” ಎಂದ. ನಗುತ್ತಿದ್ದ.

ಮೌನೇಶ್ವರಿ ಎದ್ದಳು. “ಕುಂದರ್ರಿ ಸರ್.” ಕೂತಿರು ಎನ್ನಬೇಕೆಂದು ಸ್ವಪ್ನಾ ಅವಳ ಸೆರಗಿನತ್ತ ಕೈ ಚಾಚಿದಳು. ಅಷ್ಟರಲ್ಲಿ ಅವಳು ಮುಂದಿನ ಸೀಟುಗಳತ್ತ ಸರಿದಾಗಿತ್ತು. ರಂಜಾನಬಿ, “ಹೆಂಡ್ತಿ ಮಾತು ನಡಸೋ ಗಂಡ, ಎಲ್ಲಿ ಸಿಗ್ತಾನವ್ವಾ” ಎಂದಳು. ಒಂದಿಬ್ಬರು ಹೌದೆಂದರು. ಆಮೇಲೆ ಎಲ್ಲರೂ ತಂತಮ್ಮ ಕಿಟಕಿಯತ್ತ ತಿರುಗಿದರು.

ಅವನು ಅವಳ ಬ್ಯಾಗನ್ನು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡ. “ಚಲೋ ಆತು. ಇನ್ನ ಮ್ಯಾಲ ಗುರುವಾರ ನಾನೂ ಬರ್ತೀನಿ. ಅವತ್ತೊಂದಿನ ಮಿಲ್ಲು ಗುಮಾಸ್ತ ಪಂಪಾಪತಿ ನೋಡ್ಕೋತಾನ.”

ಅವಳು ಮೌನೇಶ್ವರಿ ಹೋಗಿ ಕೂತ ಸೀಟಿನತ್ತ ನೋಡಿದಳು.

“ಆಕಿ ನಿಮ್ಮ ಕಾಲೇಜಿನಾಕೇನು? ಏನು ಮಾತಾಡಾಕತ್ತಿದ್ರಿ?”

“ಏನಿಲ್ರಿ.”

ಅವನು ಅವಳ ಮುಂದಿನಿಂದ ಕೈ ಚಾಚಿ ಕಿಟಕಿಯ ಗಾಜನ್ನು ಎಳೆದು ಮುಚ್ಚಿದ. “ಧೂಳು,” ಎಂದ.

ಗೀರುಬಿದ್ದ ಗಾಜಿನಾಚೆ ಭತ್ತದ ಗದ್ದೆಗಳು ಸರಿಯುತ್ತಿದ್ದವು. ಅಲ್ಲಿ ಮುಂದೆ, ಮೌನೇಶ್ವರಿ ಪಕ್ಕದ ಹೆಂಗಸಿನ ಕಿವಿಯ ಬಳಿ ಬಾಗಿ ಏನೋ ಹೇಳಿದಳು. ಇಬ್ಬರ ಭುಜಗಳೂ ನಗೆಗೆ ಅಲುಗಿದವು.