ಹೊರಗೆ ಹೋದರೆ ಹೊರಗೇ

“ನಿನ್ನ ಹೊಟ್ಟೆಯೊಳಗೆ ಏನು ತುಂಬೆ ಡ್ಯಾಮು ಉಂಟಾ? ಗಂಟೆಗೊಂದು ಸಲ ಗೇಟು ತೆಗೀಲಿಕ್ಕೆ?”

ಮ್ಯಾನೇಜರ್ ಅಶೋಕ್ ಹೀಗೆ ಕೇಳಿದ್ದು ತೃಪ್ತಿಯನ್ನು. ಶೆಡ್ಡಿಗಿದ್ದ ಒಂದೇ ಬಾಗಿಲಿನ ಹತ್ತಿರ ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳಿಗೆ ಆಗ ಆರು ತಿಂಗಳು. ಸಿದ್ಧಕಟ್ಟೆ ಹತ್ತಿರದ ಆ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುತ್ತಿದ್ದ ನಾವು ಹೆಂಗಸರೆಲ್ಲ ಕೈ ನಿಲ್ಲಿಸದೆ ಕೇಳಿಸಿಕೊಂಡೆವು. ಕೈ ನಿಲ್ಲಿಸಿದರೆ ಮುಂದಿನ ಮಾತು ನಮಗೆ ಬೀಳುತ್ತಿತ್ತು.

“ಹೋಗ್ಬೇಕಾದ್ರೆ ಹೋಗು. ಮತ್ತೆ ಒಳಗೆ ಬರ್ಲಿಕ್ಕಿಲ್ಲ. ನಾನು ಬಿಟ್ರೂ ಅಜ್ಜ ಬಿಡುವುದಿಲ್ಲ.”

ತೃಪ್ತಿ ತಿರುಗಿ ಬಂದು ನನ್ನ ಪಕ್ಕದ ಯಂತ್ರದ ಮುಂದೆ ಕೂತಳು. ಒಂದೊಂದು ಬೀಜ ಒಡೆಯುವುದಕ್ಕೂ ಕಾಲಿನಿಂದ ಪೆಡಲು ತುಳಿಯಬೇಕು. ಬಸುರಿ ಹೆಂಗಸು ಉಚ್ಚೆ ಕಟ್ಟಿಕೊಂಡು ದಿನವಿಡೀ ಪೆಡಲು ತುಳಿಯುವುದೆಂದರೆ ಏನು ಅಂತ ತಿಳಿಯಬೇಕಾದವರು ಒಂದು ದಿನ ಬಂದು ತುಳಿದು ನೋಡಬೇಕು. ಅವಳ ತುಟಿ ಬೆಳ್ಳಗಾಗಿತ್ತು. “ಜಸೀಲಕ್ಕ, ನಂಗೆ ಆಗುದಿಲ್ಲ,” ಅಂದಳು. ಸ್ವಲ್ಪ ತಡೆದುಕೋ, ಸಂಜೆ ಬಿಡುವ ಹೊತ್ತಾಯಿತು ಅಂತ ಅವಳ ಅತ್ತೆ ಲೋಲಾಕ್ಷಿ ಹಿಂದಿನ ಸಾಲಿನಿಂದ ಹೇಳಿದಳು.

ಅಜ್ಜ ಅಂದರೆ ಮನುಷ್ಯನಲ್ಲ. ಮಂಗಳೂರಿನ ಹೆಡ್ಡಾಫೀಸಿನಲ್ಲಿ ಏಸಿ ಹಾಕಿದ ಕೋಣೆಯೊಳಗೆ ಕಪಾಟಿನಷ್ಟು ದೊಡ್ಡದೊಂದು ಹಳೇ ಕಂಪ್ಯೂಟರು ಉಂಟು. ಮೇನ್‌ಫ್ರೇಮ್ ಅಂತ ಅದರ ಹೆಸರು. ಈಗಿನ ಧಣಿಯ ಅಪ್ಪನ ಕಾಲದ್ದು. ಬೀಜ ತಂದದ್ದು, ಹಡಗಿಗೆ ಏರಿಸಿದ್ದು, ನಮ್ಮ ಹಾಜರಿ, ಎಲ್ಲವೂ ಅದರ ಹೊಟ್ಟೆಯಲ್ಲಿ. ಅದರ ಪ್ರೋಗ್ರಾಮು ಬರೆದವರು ಸತ್ತುಹೋಗಿದ್ದಾರಂತೆ, ಅದನ್ನು ಮುಟ್ಟಿದರೆ ಕಂಪೆನಿಯೇ ನಿಲ್ಲುತ್ತದಂತೆ. ಹಾಗಾಗಿ ಎಲ್ಲರೂ ಅದಕ್ಕೆ ಅಜ್ಜ ಅನ್ನುತ್ತಿದ್ದರು.

ಮೊದಲು ನಮಗೆ ಬೆರಳೊತ್ತುವ ಯಂತ್ರ ತಂದರು. ಅದು ನಮ್ಮಲ್ಲಿ ಯಾರನ್ನೂ ಗುರುತಿಸಲಿಲ್ಲ. ಬೀಜದ ಸಿಪ್ಪೆಯ ಎಣ್ಣೆ ನಮ್ಮ ಬೆರಳುಗಳ ಗೆರೆಯನ್ನು ಯಾವಾಗಲೋ ತಿಂದು ಮುಗಿಸಿತ್ತು. ರೇಷನ್ ಅಂಗಡಿಯಲ್ಲೂ ನಾವು ನಾವಲ್ಲ, ಇಲ್ಲೂ ನಾವು ನಾವಲ್ಲ. ಹತ್ತು ಬೆರಳನ್ನೂ ಒತ್ತಿಸಿ ನೋಡಿ ಅಶೋಕ್ ನಕ್ಕ. ಕೊನೆಗೆ ಕೈಗೊಂದು ಟ್ಯಾಗು ಬಂತು. ಬಾಗಿಲಿಗೆ ಕಟ್ಟಿದ ಚೌಕಟ್ಟಿನ ಕೆಳಗೆ ಹಾದರೆ ಅದು ಕುಂಯ್ ಅನ್ನುತ್ತದೆ, ನಮ್ಮ ನಂಬರು ನೇರ ಅಜ್ಜನ ಹತ್ತಿರ ಹೋಗುತ್ತದೆ. ಆದರೆ ಅಜ್ಜ ಹಳಬ. ಅವನಿಗೆ ದಿನಕ್ಕೆ ಒಂದು ಸಲ ಒಳಗೆ, ಒಂದು ಸಲ ಹೊರಗೆ, ಇಷ್ಟೇ ಅರ್ಥವಾಗುವುದಂತೆ. ಕಕ್ಕುಸು ಅಂಗಳದ ಆಚೆ ಇತ್ತು. ಅಲ್ಲಿಗೆ ಹೋದವಳನ್ನು ಅಜ್ಜ ಮನೆಗೆ ಹೋದಳು ಅಂತ ಬರೆದುಕೊಳ್ಳುತ್ತಾನೆ. ತಿಂಗಳಲ್ಲಿ ಮೂರು ಸಲ ಹಾಗಾದರೆ ಹೆಸರೇ ಅಳಿಸಿಹೋಗುತ್ತದೆ. ಅಶೋಕ್ ನಮಗೆ ಹೇಳಿದ್ದು ಹೀಗೆ. ತನ್ನ ಕೈಯಲ್ಲಿ ಏನೂ ಇಲ್ಲ ಅಂತ ಕೈ ಬಿಡಿಸಿ ಬೇರೆ ತೋರಿಸಿದ.

ನಾವೇನು ಪೆದ್ದರಲ್ಲ. ಟ್ಯಾಗು ಬಿಚ್ಚಿ ಯಂತ್ರದ ಮೇಲಿಟ್ಟು ಹೋಗಿ ಬರತೊಡಗಿದೆವು. ಅದು ಒಂದು ವಾರ ನಡೆಯಿತು. ಆಮೇಲೆ ಒಮ್ಮೆ ಹಾಕಿದರೆ ಬಿಚ್ಚಲಾಗದ ಬೀಗದ ಪಟ್ಟಿ ಬಂತು, ಅದನ್ನು ಬಿಗಿಯುವ ಇಕ್ಕಳ ಬಂತು. ಸೂಪರ್‌ವೈಸರ್ ಕಮಲಾಕ್ಷ ಒಬ್ಬೊಬ್ಬಳ ಕೈ ಹಿಡಿದು ಪಟ್ಟಿ ಬಿಗಿದ. ಅವನ ಹೆಂಡತಿಯೂ ಹಿಂದೆ ಇದೇ ಶೆಡ್ಡಿನಲ್ಲಿ ಬೀಜ ಒಡೆದವಳು. ತಲೆ ಎತ್ತದೆ ಬಿಗಿದ. ಲೋಲಾಕ್ಷಿಯ ಸರದಿ ಬಂದಾಗ ಅವಳು ಕೈ ಕೊಡಲಿಲ್ಲ.

“ನಮ್ಮ ಹಟ್ಟಿಯ ದನಕ್ಕೂ ಸರಕಾರದವ್ರು ಕಿವಿಗೆ ಟ್ಯಾಗು ಚುಚ್ಚಿ ಹೋಗಿದ್ದಾರೆ. ಅದಕ್ಕೆ ಉಚ್ಚೆ ಹೊಯ್ಲಿಕ್ಕೆ ಯಾವ ಬೇವರ್ಸಿಯ ಅಪ್ಪಣೆಯೂ ಬೇಡ.”

“ಹಾಗಾದ್ರೆ ಹಟ್ಟಿಯಲ್ಲೇ ಕೂತ್ಕೋ,” ಅಂದ ಅಶೋಕ್. “ನಿನ್ನ ಸೊಸೆಯನ್ನೂ ಕಟ್ಟಿಕೋ.”

ಲೋಲಾಕ್ಷಿಯ ಮಗ, ತೃಪ್ತಿಯ ಗಂಡ, ಎರಡು ತಿಂಗಳಿನಿಂದ ಸೊಂಟ ಮುರಿದುಕೊಂಡು ಮಲಗಿದ್ದ. ಅವಳು ಕೈ ಚಾಚಿದಳು.

ಅಂದಿನಿಂದ ನಾವು ನೀರು ಕುಡಿಯುವುದನ್ನು ಬಿಟ್ಟೆವು. ಬೆಳಗಿನ ಚಾ ಬಿಟ್ಟೆವು, ಗಂಜಿಯ ತಿಳಿ ಚೆಲ್ಲಿ ಅಗುಳು ಮಾತ್ರ ತಿಂದು ಬಂದೆವು. ಶೆಡ್ಡಿನ ಮೂಲೆಯ ನೀರಿನ ಡ್ರಮ್ಮು ತುಂಬಿದ ಹಾಗೆಯೇ ಇರುತ್ತಿತ್ತು. ಒಬ್ಬಳಿಗೆ ಉರಿ, ಒಬ್ಬಳಿಗೆ ಬೆನ್ನುನೋವು, ಎಲ್ಲರಿಗೂ ಜ್ವರದ ಮಾತ್ರೆ. ಅಶೋಕನಿಗೆ ಮಾತ್ರ ಖುಷಿ. ಬೀಜ ಒಡೆಯುವುದರಲ್ಲಿ ನಮ್ಮ ಶೆಡ್ಡು ಕಂಪೆನಿಗೇ ಮೊದಲು ಬಂತೆಂದು ಅವನಿಗೆ ಶಾಲು ಹೊದಿಸಿದರು. ಅದರ ಫೋಟೋವನ್ನು ಬಾಗಿಲಿನ ಮೇಲೆ ನೇತುಹಾಕಿಸಿದ.

ತೃಪ್ತಿ ಒಂದು ಮಧ್ಯಾಹ್ನ ಪೆಡಲಿನ ಮೇಲೆ ಕಾಲಿಟ್ಟಲ್ಲೇ ನಡುಗಿ ಬಿದ್ದಳು. ಮೈ ಕಾದ ಕಾವಲಿ. ಆಟೋದಲ್ಲಿ ಬಂಟ್ವಾಳದ ಆಸ್ಪತ್ರೆಗೆ ಕರೆದೊಯ್ದವಳು ನಾನೇ. ಮೂತ್ರ ಕಟ್ಟಿ ಕಟ್ಟಿ ನಂಜಾಗಿದೆ, ಕಿಡ್ನಿಗೆ ಏರಿದೆ ಅಂತ ಡಾಕ್ಟರಮ್ಮ ಹೇಳಿದರು. ನೀರು ಕುಡಿಯುವುದಿಲ್ಲವಾ ಅಂತ ನನ್ನನ್ನು ಕೇಳಿದರು. ಮಾರನೆಯ ದಿನ ಮಗು ಹೋಯಿತು. ಗಂಡು. ನರ್ಸು ಅವಳ ಕೈಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ನನ್ನ ಕೈಗೆ ಕೊಟ್ಟಳು. ತೃಪ್ತಿ ಅಳಲಿಲ್ಲ, ಅತ್ತೆಯ ಮುಖವನ್ನು ನೋಡಲಿಲ್ಲ. ತವರಿನವರು ಬಂದು ನಾರಾವಿಗೆ ಕರೆದುಕೊಂಡು ಹೋದರು. ತಡೆದುಕೋ ಅಂದದ್ದು ತಾನಲ್ಲವಾ ಅಂತ ಲೋಲಾಕ್ಷಿ ಆಸ್ಪತ್ರೆಯ ಕಂಬಕ್ಕೆ ಹಣೆ ಚಚ್ಚಿಕೊಂಡಳು.

ಕಾರ್ಖಾನೆಯಿಂದ ಯಾರೂ ಬರಲಿಲ್ಲ. ಕಮಲಾಕ್ಷ ಮಾತ್ರ ಫೋನು ಮಾಡಿ, ಕತ್ತರಿಸಿದ ಪಟ್ಟಿಯನ್ನು ವಾಪಸು ಕೊಡಬೇಕಂತೆ ಅಂತ ಹೇಳಿದ. ತಪ್ಪು ತಿಳಿಯಬೇಡ ಅಂತ ಎರಡು ಸಲ ಅಂದ. ಅದರಿಂದ ನಮಗೇನೂ ಆಗಬೇಕಾಗಿರಲಿಲ್ಲ.

ಎಣ್ಣೆಯ ಹೊಗೆಗೆ ಬಾಗಿಲಿನ ಚೌಕಟ್ಟು ಕೆಟ್ಟುಹೋಗಿ, ಅದನ್ನು ಸರಿಮಾಡಲು ಮೂಡುಬಿದಿರೆಯ ಹುಡುಗ ಬಂದ. ಮನ್ವಿತ್ ಅಂತ ಹೆಸರು, ಇಂಜಿನಿಯರು. ಈ ಟ್ಯಾಗನ್ನು ಅಜ್ಜನಿಗೆ ಜೋಡಿಸಿದವನೇ ಅವನು. ಪರೀಕ್ಷೆ ಮಾಡಲಿಕ್ಕೆ ಒಬ್ಬಳು ಬೇಕೆಂದಾಗ ಕಮಲಾಕ್ಷ ನನ್ನನ್ನು ಕಳಿಸಿದ. ನಾನು ಒಳಗೆ ಹೊರಗೆ ನಡೆದೆ, ಅವನು ಲ್ಯಾಪ್‌ಟಾಪು ನೋಡಿದ. ಇವತ್ತು ಅಜ್ಜ ನನ್ನನ್ನು ಎಷ್ಟು ಸಲ ಮನೆಗೆ ಕಳಿಸಿಯಾನು ಅಂತ ನಾನು ಕೊಂಕು ನುಡಿದೆ.

ಹುಡುಗನಿಗೆ ಕೊಂಕು ತಿಳಿಯಲಿಲ್ಲ. “ಇಲ್ಲ ಅಕ್ಕ, ಅಜ್ಜನಿಂದ ಏನೂ ತೊಂದರೆ ಇಲ್ಲ. ಅವನಿಗೆ ದಿನಕ್ಕೆ ಒಂದೇ ಸಲ ಅರ್ಥ ಆಗುವುದು ಹೌದು. ಅದಕ್ಕೇ ನಾನು ನಡುವಿನಲ್ಲಿ ಜಾಲರಿಯಂಥ ಒಂದು ಪ್ರೋಗ್ರಾಮು ಬರೆದಿದ್ದೇನೆ. ಹೊರಗೆ ಹೋದವರು ಕಾಲು ಗಂಟೆಯೊಳಗೆ ವಾಪಸು ಬಂದ್ರೆ ಅಜ್ಜನಿಗೆ ಗೊತ್ತೇ ಆಗುವುದಿಲ್ಲ.”

“ಅದು ಈಗ ಎಲ್ಲಿ ಉಂಟು?”

“ಇದರಲ್ಲೇ ಉಂಟು. ಅಶೋಕ್ ಸಾರ್ ಬೇಡ ಅಂದ್ರು. ಮೊದಲ ದಿನವೇ ಆಫ್ ಮಾಡಿಸಿದ್ರು.” ಅವನು ನನ್ನ ಮುಖ ನೋಡಿದ. “ಯಾಕೆ ಅಕ್ಕ?”

ಯಾಕೆ ಅಂತ ನಾನು ಅವನಿಗೆ ಹೇಳಿದೆ. ಅವನು ಚೀಲ ಕಟ್ಟಿಕೊಂಡು ಬೈಕು ಹತ್ತಿದ, ಊಟವನ್ನೂ ಮಾಡಲಿಲ್ಲ.

ಒಂದು ಗುಂಡಿ ಒತ್ತಿದ್ದರೆ ಆ ಮಗು ಇರುತ್ತಿತ್ತು. ಮಾತು ಬಾರದ ಕಬ್ಬಿಣದ ತಲೆಯ ಮೇಲೆ ಗೂಬೆ ಕೂರಿಸಿ ಆ ನಾಯಿ ಶಾಲು ಹೊದ್ದುಕೊಂಡಿತ್ತು. ಸಂಜೆ ಬಸ್ಸಿನಲ್ಲಿ ಲೋಲಾಕ್ಷಿಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು, ಮತ್ತೊಮ್ಮೆ ಹೇಳಿಸಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದಳು. ಇಳಿಯುವಾಗ, ನಾಳೆ ಎಲ್ಲರೂ ಬರಲಿ, ಯಾರೂ ರಜೆ ಹಾಕುವುದು ಬೇಡ ಅಂತ ಹೇಳಿ ಹೋದಳು.

ಮರುದಿನ ಅಶೋಕ್ ಎಂದಿನಂತೆ ತಿರುಳು ನೋಡಲು ಒಳಗೆ ಬಂದ. ಲೋಲಾಕ್ಷಿ ಎದ್ದು ಹೋಗಿ ಬಾಗಿಲಿನ ಶಟರನ್ನು ಎಳೆದು ಒಳಗಿನಿಂದ ಬೀಗ ಹಾಕಿದಳು. ಪೆಡಲುಗಳೆಲ್ಲ ನಿಂತವು. ನಾವು ಶಟರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆವು.

ಮೊದಲು ಅವನು ರಂಡೆಗಳೇ ಅಂದ, ಒಬ್ಬೊಬ್ಬಳ ಹೆಸರನ್ನೂ ಕಿತ್ತು ಹಾಕುತ್ತೇನೆ ಅಂದ. ಜೇಬಿನಿಂದ ತೆಗೆದ ಫೋನನ್ನು ಲೋಲಾಕ್ಷಿ ಕಿತ್ತುಕೊಂಡು ಸಿಪ್ಪೆಯೆಣ್ಣೆಯ ಡಬ್ಬಕ್ಕೆ ಹಾಕಿದಳು. ಆಮೇಲೆ ಕಮಲಾಕ್ಷನ ಕಡೆ ಕೈ ಚಾಚಿದಳು. ಕಮಲಾಕ್ಷ ಮೇಜಿನ ಖಾನೆಯಿಂದ ಒಂದು ಹೊಸ ಪಟ್ಟಿಯನ್ನೂ ಇಕ್ಕಳವನ್ನೂ ತೆಗೆದು ಅವಳ ಕೈಗಿಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತ. ನಾಲ್ಕು ಜನ ಅಶೋಕನನ್ನು ಹಿಡಿದೆವು. ಲೋಲಾಕ್ಷಿ ಅವನ ಕೈಗೆ ಪಟ್ಟಿ ಬಿಗಿದಳು. ತೃಪ್ತಿಯ ಯಂತ್ರದ ಮುಂದೆ ಅವನನ್ನು ಕೂರಿಸಿದೆವು.

ಅವನಿಗೆ ಶುಗರ್ ಉಂಟೆಂದು ನಮಗೆಲ್ಲ ಗೊತ್ತಿತ್ತು. ಮತ್ತೆ ಮತ್ತೆ ಬಾಯಾರುತ್ತದೆ, ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಅವನು ನೀರು ಕೇಳಿದ. ನಾವು ಮುಟ್ಟದೆ ಬಿಟ್ಟ ಡ್ರಮ್ಮಿನಿಂದ ಲೋಲಾಕ್ಷಿ ಚೊಂಬು ತುಂಬಿಸಿ ಕೊಟ್ಟಳು. ಕುಡಿದ. ಇನ್ನೊಂದು ಕೊಟ್ಟಳು. ಅದನ್ನೂ ಕುಡಿದ.

ಬಿಸಿಲು ತಗಡಿಗೆ ಏರಿತು. ಅವನು ಕಾಲು ಬದಲಾಯಿಸಿ ಕೂತ, ಎದ್ದು ನಿಂತ, ಮತ್ತೆ ಕೂತ. ಈಗ ನಾವು ರಂಡೆಗಳಾಗಿರಲಿಲ್ಲ, ಅಮ್ಮಂದಿರಾಗಿದ್ದೆವು.

“ಅಮ್ಮಾ, ಒಂದು ಸಲ ಬಿಡಿ. ಹೋಗಿ ಬರ್ತೇನೆ.”

“ಅಜ್ಜ ಬಿಡುವುದಿಲ್ಲ, ಸಾರ್,” ಅಂದೆ ನಾನು.

“ನಾಳೆಯಿಂದ ಎಲ್ರೂ ಹೋಗಿ. ಎಷ್ಟು ಸಲ ಬೇಕಾದ್ರೂ ಹೋಗಿ. ನಾನು ಆ ಹುಡುಗನಿಗೆ ಹೇಳಿ ಆನ್ ಮಾಡಿಸ್ತೇನೆ.”

ಅವನ ಬಾಯಿಂದಲೇ ಬಂತು. ಲೋಲಾಕ್ಷಿ ಅವನ ಮುಂದೆ ಕುಕ್ಕುರು ಕೂತು, ಹಾಗಾದ್ರೆ ಯಾಕೆ ಆಫ್ ಮಾಡಿಸಿದ್ದು ಅಂತ ಕೇಳಿದಳು. ಮೆಲ್ಲನೆ ಕೇಳಿದಳು, ಮಗುವನ್ನು ಕೇಳುವ ಹಾಗೆ. ಅವನು ಏನೇನೋ ಹೇಳಿದ. ಬೇರೆ ಶೆಡ್ಡಿಗಿಂತ ಹೆಚ್ಚು ತೋರಿಸಬೇಕಿತ್ತು ಅಂದ, ಹೆಂಗಸರು ಹೊರಗೆ ಹೋದರೆ ಹರಟೆ ಹೊಡೆಯುತ್ತಾರೆ ಅಂದ. ಹೀಗೆಲ್ಲ ಆಗುತ್ತದೆಂದು ಗೊತ್ತಿರಲಿಲ್ಲ ಅಂತ ಅತ್ತ.

ಹೇಳುತ್ತಿದ್ದ ಹಾಗೆಯೇ ಅವನ ತಿಳಿಬಣ್ಣದ ಪ್ಯಾಂಟು ಕಪ್ಪಾಯಿತು. ಕಾಲಿನಿಂದ ಇಳಿದು ಪೆಡಲಿನ ಮೇಲೆ ಹರಿದು ಸಿಪ್ಪೆಯ ರಾಶಿಗೆ ಹೋಯಿತು. ಅವನು ಮುಖ ಮುಚ್ಚಿಕೊಂಡ. ಯಾರೂ ನಗಲಿಲ್ಲ, ನಗುವ ಮನಸ್ಸೇ ನಮಗಿರಲಿಲ್ಲ. ನನಗೆ ಅವನ ಮೇಲೆ ಕರುಣೆ ಬರಲಿಲ್ಲ. ಈಗಲೂ ಬಂದಿಲ್ಲ.

ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಆಫೀಸಿನವರು ಪೊಲೀಸರನ್ನು ಕರೆಸಿದ್ದರು. ಬೆತ್ತದಿಂದ ಶಟರನ್ನು ಬಡಿಯತೊಡಗಿದರು, ಬಡಿತ ನಮ್ಮ ಬೆನ್ನಿಗೆ ತಾಗುತ್ತಿತ್ತು. ಅಶೋಕ್ ಬಾಗಿಲಿನ ಕಡೆ ನೋಡಿದ. ಇನ್ನು ಬಿಡುತ್ತೀರಲ್ಲ ಅನ್ನುವಂತೆ ಲೋಲಾಕ್ಷಿಯ ಕಡೆ ನೋಡಿದ.

ಲೋಲಾಕ್ಷಿ ಡ್ರಮ್ಮಿನ ಹತ್ತಿರ ಹೋಗಿ ಇನ್ನೊಂದು ಚೊಂಬು ತುಂಬಿಸಿಕೊಂಡು ಬಂದು ಅವನ ಮುಂದೆ ಹಿಡಿದಳು.

“ಕುಡಿ,” ಅಂದಳು.