ಹಳದಿ ಅಂದ್ರೆ ಪ್ರಾಣ

ಮಧುಚಂದ್ರದ ಸೂಟ್‌ಕೇಸ್ ತುಂಬಿದ್ದು ನಾನಲ್ಲ, ನನ್ನ ಗಂಡನ ಅಕ್ಕ. ಮದುವೆಯಾದ ವಾರಕ್ಕೇ ವಿಮಾನ. ನಾನು ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಯಾವುದನ್ನು ಬಿಡಲಿ, ಯಾವುದನ್ನು ಒಯ್ಯಲಿ ಎಂದು ಕನಸು ಕಾಣುತ್ತಾ ಕೂತಿದ್ದಾಗ ಅತ್ತಿಗೆ ಬಂದರು. ನನ್ನ ನೀಲಿ, ಬೂದು, ಕಡುಗೆಂಪುಗಳನ್ನೆಲ್ಲ ಬೀರುವಿಗೆ ವಾಪಸ್ಸು ತುರುಕಿ, ತಾವೇ ಹೊಲಿಸಿ ತಂದಿದ್ದ ಕುರ್ತಾಗಳನ್ನು ಜೋಡಿಸಿದರು. ಎಲ್ಲವೂ ಹಳದಿ. ನಿಂಬೆಹಣ್ಣಿನ ಹಳದಿ, ಸೂರ್ಯಕಾಂತಿ ಹಳದಿ, ಮೈಲಿ ದೂರದಿಂದ ಕಣ್ಣಿಗೆ ಹೊಡೆಯುವ ಇನ್ನೊಂದು ಹಳದಿ.

“ಅತ್ತಿಗೆ, ನಾನು ಹೋಗ್ತಿರೋದು ಹನಿಮೂನಿಗೆ. ರಸ್ತೆ ರಿಪೇರಿಗಲ್ಲ” ಎಂದೆ.

“ನಗು, ನಗು. ನನ್ನ ತಮ್ಮನಿಗೆ ಹಳದಿ ಅಂದ್ರೆ ಪ್ರಾಣ ಕಣೇ. ಬೇರೆ ಬಣ್ಣ ಹಾಕ್ಕೊಂಡ್ರೆ ತಿರುಗಿ ಕೂಡ ನೋಡಲ್ಲ ನಿನ್ನ.”

ಅಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ನಾನು ಬೆಳೆದದ್ದು ಅಜ್ಜಿಯ ಮಡಿಲಲ್ಲಿ. ಅಜ್ಜಿಯ ಕಥೆಗಳಲ್ಲಿ ಯಾರ ಪ್ರಾಣವೂ ಅವರವರ ಮೈಯಲ್ಲಿ ಇರುತ್ತಿರಲಿಲ್ಲ. ಒಬ್ಬನದು ಗಿಣಿಯಲ್ಲಿ, ಇನ್ನೊಬ್ಬನದು ಬಾವಿಯ ತಳದ ಡಬ್ಬಿಯಲ್ಲಿ, ಮತ್ತೊಬ್ಬನದು ರಾಣಿಯ ತಲೆದಿಂಬಿನ ಹತ್ತಿಯಲ್ಲಿ. ಸರಿ, ನನ್ನ ಗಂಡನದು ಒಂದು ಬಣ್ಣದಲ್ಲಿದೆ ಎಂದುಕೊಂಡೆ. ಅದನ್ನು ತೊಟ್ಟುಕೊಂಡು ತಿರುಗುವ ಭಾಗ್ಯ ನನ್ನದು ಎಂದೂ ಅಂದುಕೊಂಡೆ. ಶಿಶುವಿಹಾರದ ಮಕ್ಕಳಿಗೆ ದಿನಾ ಕಥೆ ಹೇಳಿ ಹೇಳಿ ನನ್ನ ತಲೆ ಹೀಗಾಗಿದೆ ಎಂದು ಅಮ್ಮ ಬೈಯುತ್ತಾಳೆ. ಇವರು ಬೈಯಲಿಲ್ಲ. ಮದುವೆಯ ಮರುದಿನವೇ ನನಗೆ ‘ಅಜ್ಜಿಕಥೆ’ ಎಂದು ಹೆಸರಿಟ್ಟರು.

ಇವರದು ಬೇಕರಿ. ಕೌಂಟರ್ ಅತ್ತಿಗೆಯದು, ಒಲೆ ಇವರದು. ಮೊದಲ ಸಲ ಒಳಗೆ ಹೋದಾಗ ಇವರ ಕೈಗಳನ್ನೇ ನೋಡುತ್ತಾ ನಿಂತಿದ್ದೆ. ತಲೆ ಎತ್ತದೆ ಹಿಂದಕ್ಕೆ ಕೈ ಚಾಚಿದರೆ ಕೈಗೆ ಹಿಟ್ಟಿನ ಡಬ್ಬ, ಬಲಕ್ಕೆ ಚಾಚಿದರೆ ಲಟ್ಟಣಿಗೆ. ಕೂತು ನೋಡೋಣವೆಂದು ನಾನೊಂದು ಸ್ಟೂಲು ಎಳೆದುಕೊಂಡೆ. ಅತ್ತಿಗೆ ಓಡಿಬಂದು, “ಅಯ್ಯೋ, ಅದನ್ನ ಅಲ್ಲಿಡಬೇಡ ಕಣೇ!” ಎಂದು ಮತ್ತೆ ಗೋಡೆಗೆ ಒತ್ತಿಟ್ಟರು. ಎಂಥ ಶಿಸ್ತಿನ ಜನವಪ್ಪ ಎಂದುಕೊಂಡೆ.

ಮಧುಚಂದ್ರಕ್ಕೆಂದು ಈ ಪರದೇಶಕ್ಕೆ ಬಂದ ಮೇಲೂ ಒಂದು ಶಿಸ್ತಿತ್ತು. ಬೆಳಿಗ್ಗೆಯೆಲ್ಲ ಬೀದಿಬೀದಿ ಸುತ್ತುವುದು, ಹೊತ್ತು ಇಳಿಯುವ ಮೊದಲೇ ಹೋಟೆಲ್ ರೂಮು ಸೇರುವುದು. ಬಿಸಿಲು ಕಟ್ಟಡಗಳ ಅರ್ಧಕ್ಕೇರಿದರೆ ಸಾಕು, ಇವರು ನನ್ನ ಬೆರಳು ಹಿಡಿದು, “ನಡಿ, ರೂಮಿಗೆ ಹೋಗೋಣ” ಎನ್ನುತ್ತಿದ್ದರು. ಹೊಸದಾಗಿ ಮದುವೆಯಾದ ಹೆಣ್ಣು ಇದಕ್ಕೆ ಯಾವ ಅರ್ಥ ಕೊಡುತ್ತಾಳೋ ಅದನ್ನೇ ನಾನೂ ಕೊಟ್ಟೆ. ಜೊತೆಗೆ ಅಜ್ಜಿಯ ಒಬ್ಬ ರಾಜಕುಮಾರನನ್ನೂ ನೆನೆಸಿಕೊಂಡೆ. ದೀಪ ಹಚ್ಚುವ ಹೊತ್ತಿಗೆ ಅವನು ಕಲ್ಲಾಗುತ್ತಿದ್ದ; ಯಾಕೆಂದು ರಾಣಿ ಕೇಳುವಂತಿರಲಿಲ್ಲ. ನಾನೂ ಕೇಳಲಿಲ್ಲ. ಕೇಳದೆ ಇರುವುದರಲ್ಲೇ ಏನೋ ಸುಖವಿತ್ತು.

ಥೀಮ್ ಪಾರ್ಕಿಗೆ ಹೋಗೋಣವೆಂದು ಹಟ ಹಿಡಿದದ್ದು ನಾನು. ಇವರು ಎರಡು ದಿನ ಮುಂದೂಡಿ ಕೊನೆಗೆ, “ಹೂಂ, ಆದ್ರೆ ಬೇಗ ಹೊರಟು ಬೇಗ ವಾಪಸ್” ಎಂದರು.

ಸಕ್ಕರೆ ಅಚ್ಚಿನಂಥ ಅರಮನೆ, ಪ್ಲಾಸ್ಟಿಕ್ ಮರಗಳ ಕಾಡು, ಬಾಯಿ ತೆರೆದು ಹೊಗೆ ಬಿಡುವ ಗುಹೆ. ನನಗಂತೂ ಅಜ್ಜಿಯ ತಲೆಯೊಳಗೇ ಟಿಕೆಟ್ ತೆಗೆದುಕೊಂಡು ಹೊಕ್ಕ ಹಾಗಿತ್ತು. ಗುಹೆಯ ಆಟಕ್ಕೆ ಮಾತ್ರ ಇವರು ಸುತರಾಂ ಒಪ್ಪಲಿಲ್ಲ. “ಬೆಳಗಾದ್ರೆ ಒಲೆಯೊಳಗೇ ತಲೆ ಇಡ್ತೀನಿ. ಇಲ್ಲೂ ಹೊಗೆ ಕುಡೀಬೇಕಾ?” ಎಂದು ನಗಿಸಿ ದೋಣಿಯ ಆಟಕ್ಕೆ ಕರೆದೊಯ್ದರು. ದೋಣಿ ಮೇಲಿಂದ ದುಮುಕಿದಾಗ ಇಬ್ಬರೂ ತೊಪ್ಪೆಯಾದೆವು. ಇಬ್ಬರ ಫೋನುಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಬ್ಯಾಗಿನಲ್ಲಿ ಇಟ್ಟಿದ್ದೆ, ಬದುಕಿಕೊಂಡವು.

ಒಂದು ಹಸಿರು ಬೆಂಚಿನ ಮೇಲೆ ನನ್ನನ್ನು ಕೂರಿಸಿ ಇವರು ಸುತ್ತ ನೋಡಿದರು. ಕಾಫಿಯಂಗಡಿ ದಾರಿಯ ಇದೇ ಮಗ್ಗುಲಲ್ಲಿ, ನೇರಕ್ಕೆ ಇತ್ತು.

“ನೇರ ಹೋಗಿ ನೇರ ಬರ್ತೀನಿ. ಈ ಬೆಂಚ್ ಬಿಟ್ಟು ಏಳ್ಬೇಡ.”

“ರಾಕ್ಷಸ ಬಂದ್ರೆ?”

“ಅವನನ್ನೂ ಪಕ್ಕದಲ್ಲಿ ಕೂರಿಸ್ಕೊ. ನೀನು ಏಳ್ಬೇಡ, ಅಷ್ಟೆ.”

ಆದರೆ ಚಳಿ. ಹಲ್ಲು ಕಟಕಟ ಎನ್ನುತ್ತಿತ್ತು. ದಾರಿಯ ಆಚೆ ಬದಿಯಲ್ಲಿ ಹೆಂಗಸರ ವಾಶ್‌ರೂಮ್ ಕಾಣಿಸಿತು. ಬ್ಯಾಗಿನ ತಳದಲ್ಲಿ ಇವರ ಬೂದು ಅಂಗಿಯೊಂದು ಒದ್ದೆಯಾಗದೆ ಉಳಿದಿತ್ತು. ಇವರದೇ ಅಂಗಿ ತೊಟ್ಟು ಬೆಂಚಿನ ಮೇಲೆ ಕೂತಿದ್ದರೆ ಬಂದು ನೋಡಿ ಎಷ್ಟು ನಗಬಹುದು ಎಂದುಕೊಂಡು ಓಡಿದೆ. ಹಳದಿ ಕುರ್ತಾ ಹಿಂಡಿ ಬ್ಯಾಗಿಗೆ ಹಾಕಿ, ಅಂಗಿ ತೊಟ್ಟು, ತೋಳು ಮಡಚಿಕೊಂಡು ಹೊರಗೆ ಬಂದರೆ ದಾರಿಗೆ ಅಡ್ಡಲಾಗಿ ಹಗ್ಗ. ಮೆರವಣಿಗೆ ಹೊರಟಿತ್ತು. ಬ್ಯಾಂಡು, ಕುಣಿಯುವ ಅಣಬೆಗಳು, ಚಕ್ರದ ಮೇಲೆ ಹಡಗು. ಹಗ್ಗ ಎತ್ತಿ ನುಸುಳಲು ಹೋದೆ. ಕಾವಲಿನವನು ನಗುನಗುತ್ತಲೇ ಅಂಗೈ ಅಡ್ಡ ಹಿಡಿದ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ.

ಅಷ್ಟರಲ್ಲಿ ಇವರು ಬಂದರು. ಎರಡು ಕೈಯಲ್ಲೂ ಲೋಟ. ಬೆಂಚಿನ ಮುಂದೆ ನಿಂತರು. ಮೊಣಕಾಲಿನಿಂದ ಬೆಂಚನ್ನು ಮುಟ್ಟಿ ನೋಡಿದರು. ಆಮೇಲೆ ಮುಖವನ್ನು ಮೆಲ್ಲಗೆ, ಗೋಡೆಗೆ ಸುಣ್ಣ ಬಳಿಯುವವನ ಕುಂಚದ ಹಾಗೆ, ಈ ತುದಿಯಿಂದ ಆ ತುದಿಗೆ ಆಡಿಸಿದರು.

“ರೀ! ಇಲ್ಲಿ! ರೀ!”

ನನ್ನ ಕೂಗನ್ನು ಬ್ಯಾಂಡು ನುಂಗಿತು. ಕೈ ಬೀಸಿದೆ, ಕುಣಿದೆ. ಇವರ ಮುಖ ಸರಿಯಾಗಿ ನನ್ನ ಮೇಲೇ ಬಂತು. ಬಂದು, ನಿಲ್ಲದೆ, ಮುಂದಕ್ಕೆ ಹೋಯಿತು. ಪಕ್ಕದ ಕಂಬದ ಮೇಲೆ ಹೇಗೆ ಹಾದುಹೋಯಿತೋ ನನ್ನ ಮೇಲೂ ಹಾಗೆಯೇ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಎರಡನೆಯ ಸಲವೂ ಹಾಗೆಯೇ ಹಾದುಹೋದಾಗ ನಗು ಅಲ್ಲೇ ನಿಂತಿತು.

ಮೆರವಣಿಗೆಯ ಕೊನೆಯಲ್ಲಿ ಬಾತುಕೋಳಿಯ ವೇಷದವರು ಒಬ್ಬರು ಬರುತ್ತಿದ್ದರು. ಆಳೆತ್ತರ, ಮೈಯೆಲ್ಲ ಹಳದಿ ತುಪ್ಪಳ. ಹಗ್ಗ ದಾಟಿ ಇವರಿದ್ದ ಮಗ್ಗುಲಿಗೆ ಬಂದು ಮಕ್ಕಳ ಕೈ ಕುಲುಕುತ್ತಾ ಇವರಿಗೆ ಬೆನ್ನು ಮಾಡಿ ನಿಂತರು. ಇವರ ಮುಖ ಅರಳಿತು. ದಿನಾ ಬೆಳಿಗ್ಗೆ ರೂಮಿನ ಬಾಗಿಲಲ್ಲಿ ನನ್ನನ್ನು ನೋಡಿ ಹೇಗೆ ಅರಳುತ್ತಿತ್ತೋ, ಅದೇ ಮುಖ. ಸೀದಾ ಹೋಗಿ ಬಾತುಕೋಳಿಯ ಮುಂದೆ ಲೋಟ ಚಾಚಿದರು. ತುಟಿಯೂ ಆಡಿತು. ‘ತಗೋ, ಬಿಸಿ ಇದೆ’ ಎಂದಿರಬೇಕು.

ಬಾತುಕೋಳಿ ಎದೆಯ ಮೇಲೆ ರೆಕ್ಕೆಯಿಟ್ಟುಕೊಂಡು ನಾಚಿತು. ಲೋಟ ತೆಗೆದುಕೊಂಡು ಕೊಕ್ಕಿಗೆ ಹಿಡಿದು ಗಟಗಟ ಕುಡಿಯುವ ಹಾಗೆ ಆಡಿತು. ಜನ ಹೋ ಎಂದು ನಕ್ಕರು, ಫೋನುಗಳು ಮೇಲೆದ್ದವು. ಅದು ಇವರನ್ನು ತಬ್ಬಿಕೊಂಡಿತು. ಇವರ ಕೈ ಅದರ ಹೆಗಲ ಮೇಲೆ ಹೋಯಿತು. ತುಪ್ಪಳ ತಾಕಿದೊಡನೆ ಸುಟ್ಟ ಹಾಗೆ ಹಿಂದಕ್ಕೆ ಬಂತು. ಆಮೇಲೆ ಇವರೂ ನಕ್ಕರು. ಬೇಕೆಂದೇ ಮಾಡಿದವರ ಹಾಗೆ ಜನರತ್ತ ತಲೆ ಬಾಗಿಸಿದರು. ಅಂದು ಮೊದಲ ಸಲ ಮಾಡಿದ್ದಲ್ಲ ಅದು. ತುಂಬಾ ರೂಢಿಯಾದ ನಗು.

ವಾಪಸ್ಸು ಬರುವಾಗ ಬೆಂಚು ತಪ್ಪಿತು. ಕಸದ ಡಬ್ಬಿಗೆ ಡಿಕ್ಕಿ ಹೊಡೆದು, ಅದಕ್ಕೆ ಕೈಯೆತ್ತಿ ಕ್ಷಮೆ ಕೇಳಿದರು.

ಸ್ಟೂಲು, ಗುಹೆ, ಇಳಿಹೊತ್ತು, ಸೂಟ್‌ಕೇಸ್ ತುಂಬ ಒಂದೇ ಬಣ್ಣ. ನಾನು ಹಗ್ಗ ಹಿಡಿದು ನಿಂತಿದ್ದೆ. ಅಷ್ಟು ಅಗಲವೂ ಇಲ್ಲದ ಒಂದು ದಾರಿ. ಬ್ಯಾಗಿನಿಂದ ಒದ್ದೆ ಕುರ್ತಾ ಎಳೆದು ತಲೆಯ ಮೇಲೆ ಬೀಸಿದೆ. ಇವರು ಆ ಕಡೆ ತಿರುಗಿದ್ದರು. ನೀರು ತಾಕಿದವರು ಗೊಣಗಿದರು. ಕಾವಲಿನವನು ಬಂದು ನನ್ನ ಕೈಯನ್ನು ಮೃದುವಾಗಿ ಕೆಳಗಿಳಿಸಿ, ಮೆರವಣಿಗೆಯ ಹಡಗಿನ ಕಡೆ ತೋರಿಸಿ, ಹೆಬ್ಬೆರಳೆತ್ತಿದ.

ಹಗ್ಗ ಬಿಚ್ಚಿದಾಗ ಬಿಸಿಲು ಅರಮನೆಯ ಗೋಪುರದ ತುದಿಗೆ ಹೋಗಿತ್ತು. ಅಂಗಿಯ ಮೇಲೆಯೇ ಕುರ್ತಾ ಹಾಕಿಕೊಂಡು ಓಡಿದೆ.

“ಬಂದ್ಯಾ?” ಎಂದರು. ಒಂದು ಲೋಟ ಮಾತ್ರ ಉಳಿದಿತ್ತು, ಅದನ್ನು ನನಗೆ ಕೊಟ್ಟರು. ತಣ್ಣಗಾಗಿತ್ತು. “ಏಳ್ಬೇಡ ಅಂದಿದ್ನಲ್ಲ, ಅಜ್ಜಿಕಥೆ.”

“ಎಷ್ಟು ಕಾಣತ್ತೆ ನಿಮ್ಗೆ?”

ಇವರು ಬೆಚ್ಚಲಿಲ್ಲ. ಬೆಂಚಿನ ಮೇಲೆ ಕೂತು, ಬೆರಳುಗಳನ್ನು ಕೊಳವೆ ಮಾಡಿ ಕಣ್ಣಿಗೆ ಹಿಡಿದು ತೋರಿಸಿದರು. “ಇಷ್ಟು. ಬೆಳಕಿದ್ರೆ. ಹೋದ ವರ್ಷ ಇನ್ನೂ ಸ್ವಲ್ಪ ದೊಡ್ಡದಿತ್ತು. ಅಕ್ಕ ಹೇಳಿದಾಳಲ್ಲ ನಿಂಗೆ.”

“ಏನು ಹೇಳಿದಾರೆ?”

“ಎಲ್ಲಾ. ಡಾಕ್ಟ್ರು ಹೇಳಿದ್ದು, ಮುಂದೆ ಹೀಗೇ ಚಿಕ್ಕದಾಗ್ತಾ ಹೋಗತ್ತೆ ಅನ್ನೋದು. ನಿಶ್ಚಯಕ್ಕೆ ಮುಂಚೇನೇ ಹೇಳಿದೀನಿ, ಹುಡುಗಿ ಪರವಾಗಿಲ್ಲ ಅಂದ್ಲು ಅಂತ ಅಕ್ಕಾನೇ...” ನನ್ನ ಮುಖ ಕಾಣುತ್ತಿತ್ತೋ ಇಲ್ಲವೋ, ನನ್ನ ಕಡೆಗೆ ಬಗ್ಗಿದರು.

“ಹೇಳಿಲ್ವಾ?”

“ಹಳದಿ ಅಂದ್ರೆ ನಿಮಗೆ ಪ್ರಾಣ ಅಂದ್ರು.”

ತಮ್ಮ ಅಂಗೈಯತ್ತ ತಲೆ ಬಗ್ಗಿಸಿದರು. ಆಮೇಲೆ ತಮಗೇ ಹೇಳಿಕೊಳ್ಳುವವರ ಹಾಗೆ, “ನೀನು ದಿನಾ ಹಳದೀನೇ ಹಾಕ್ಕೊಂಡು ಬರ್ತಿದ್ದೆ. ಸಾಯಂಕಾಲ ಆದ್ರೆ ಒಂದು ಮಾತೂ ಕೇಳ್ದೆ ಎದ್ದು ಬರ್ತಿದ್ದೆ. ಎಂಥ ಹುಡುಗಿ, ಬಾಯಿಬಿಟ್ಟು ಕೇಳಿ ನಂಗೆ ಮುಜುಗರ ಮಾಡಲ್ಲ, ಎಲ್ಲಾ ತಿಳ್ಕೊಂಡೇ ಬಂದಿದಾಳೆ ಅಂತ ನಾನು...” ಎಂದರು.

ನಾನೊಬ್ಬಳೇ ಕಥೆ ಕಟ್ಟಿಕೊಂಡಿದ್ದೆ ಎಂದುಕೊಂಡಿದ್ದೆನಲ್ಲ! ಇವರೂ ಅದೇ ಕುರ್ತಾಗಳಿಂದ ಬೇರೊಬ್ಬ ರಾಣಿಯನ್ನು ಕಟ್ಟಿಕೊಂಡಿದ್ದರು. ಅವಳು ನಾನಲ್ಲ. ಅವಳಾಗುತ್ತಿದ್ದೆನೋ ಏನೋ, ನನ್ನನ್ನು ಯಾರೂ ಕೇಳಲಿಲ್ಲ. ಸಿಟ್ಟು ಬಂತು. ಆದರೆ ಯಾರ ಮೇಲೆ ಉಗುಳಲಿ? ಎದುರಿಗೆ ಕೂತವರು ನನಗಿಂತ ಹೆಚ್ಚು ಮೋಸಹೋದವರ ಹಾಗೆ ಕೂತಿದ್ದರು.

“ಪರವಾಗಿಲ್ಲ ಅಂತಿದ್ಯಾ, ಕೇಳಿದ್ದಿದ್ರೆ?”

ಹೂಂ ಎಂದರೆ ಸುಳ್ಳು, ಇಲ್ಲ ಎಂದರೂ ಸುಳ್ಳು. ತಣ್ಣನೆಯ ಕಾಫಿ ಕುಡಿದೆ.

ಗೋಪುರದ ತುದಿಯ ಬಿಸಿಲೂ ಹೋಯಿತು. ಪಾರ್ಕಿನ ಮಿಣುಕು ದೀಪಗಳೆಲ್ಲ ಒಮ್ಮೆಲೇ ಹತ್ತಿದವು. ಸುತ್ತಲಿದ್ದವರು ಆಹಾ ಎಂದರು. ಇವರು ಬೆಂಚಿನ ಅಂಚನ್ನು ಹಿಡಿದುಕೊಂಡರು.

“ಈಗ ನಂಗೆ ದೀಪ ಬಿಟ್ರೆ ಏನೂ ಕಾಣಲ್ಲ” ಎಂದರು. “ಕುರ್ತಾ ತೆಗೆದುಬಿಡು. ಒದ್ದೆ. ಇನ್ನು ಅದ್ರಿಂದ ಉಪಯೋಗ ಇಲ್ಲ.”

ತೆಗೆಯಲಿಲ್ಲ. ಇವರ ಕೈಯನ್ನು ಎತ್ತಿ ನನ್ನ ಹೆಗಲ ಮೇಲಿಟ್ಟುಕೊಂಡು ಎದ್ದೆ. ಬಾಗಿಲಿನ ಕಡೆಗೆ ಹೊರಟ ಜನರ ನಡುವೆ ನಾವೂ ಹೊರಟೆವು. ಅಷ್ಟು ದಿನ ಬೆರಳಲ್ಲಿ ಬೆರಳು ಹೆಣೆದು ನಡೆದದ್ದು ಪ್ರೀತಿಗೋ, ದಾರಿ ಕಾಣಲಿಕ್ಕೋ ಎಂದು ಕೇಳಬೇಕೆನಿಸಿತು. ಇವರ ಹಿಡಿತ ಹೆಗಲಲ್ಲಿ ಬಿಗಿಯಾಗಿತ್ತು, ಕೇಳಲಾಗಲಿಲ್ಲ.

ಬ್ಯಾಗಿನಲ್ಲಿ ಇವರ ಫೋನು ರಿಂಗಾಯಿತು. ಅತ್ತಿಗೆ. ತೆಗೆದು ಇವರ ಕಿವಿಗೇ ಹಿಡಿದೆ. ಕೌಂಟರಿನಲ್ಲಿ ಮಾತಾಡಿ ಮಾತಾಡಿ ರೂಢಿಯಾದ ದೊಡ್ಡ ದನಿ, ನನಗೂ ಕೇಳಿಸುತ್ತಿತ್ತು.

“ಕತ್ತಲಾಗಿರಬೇಕಲ್ಲೋ ಅಲ್ಲಿ? ರೂಮಿಗೆ ಬಂದ್ರಾ?”

“ಹೂಂ ಅಕ್ಕ. ಬಂದ್ವಿ.”

“ಅವಳು ಹಳದಿ ಹಾಕ್ಕೊಂಡಿದ್ಲು ತಾನೇ?”

ಇವರ ಬೆರಳುಗಳು ನನ್ನ ಒದ್ದೆ ಹೆಗಲನ್ನು ತಡವಿದವು. “ಹಾಕ್ಕೊಂಡಿದಾಳೆ.”

“ನೋಡು, ನಾನು ಹೇಳಿಲ್ವಾ? ಚಿನ್ನದಂಥ ಹುಡುಗಿ” ಎಂದು ಅತ್ತಿಗೆ ನಕ್ಕರು. ಆ ನಗುವಿನಲ್ಲಿ ಕಪಟ ಹುಡುಕಿದೆ. ಸಿಗಲಿಲ್ಲ. ತಮ್ಮನಿಗೆ ಮನೆಯಾಯಿತೆಂಬ ನೆಮ್ಮದಿ ಬಿಟ್ಟರೆ ಅದರಲ್ಲಿ ಇನ್ನೇನೂ ಇರಲಿಲ್ಲ.

ಫೋನು ಒಳಗಿಟ್ಟು ನಡೆದೆ. ದಾರಿ ಒಂದು ಕಡೆ ಮುರಿದ ಹಾಗೆ ಕಂಡಿತು.

“ಮುಂದೆ ಮೆಟ್ಟಿಲಿದೆ” ಎಂದೆ.

“ಮೇಲಕ್ಕೋ, ಕೆಳಕ್ಕೋ?”

ಕಣ್ಣು ತುಂಬಿ ದೀಪಗಳೆಲ್ಲ ಕಲಸಿಹೋಗಿದ್ದವು. ಇವರ ಬೂದು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡೆ. ಮತ್ತೆ ತುಂಬಿತು. ಹಿಂದಿನಿಂದ ಜನ ತಳ್ಳುತ್ತಿದ್ದರು.

“ತಾಳಿ, ನೋಡಿ ಹೇಳ್ತೀನಿ” ಎಂದು ಕಾಲು ಮುಂದೆ ಚಾಚಿ ತಡಕಿದೆ.