ಬಾಣಂತಿ ವ್ಯಾನು

ಸಿಂಗಟಗೆರೆಯ ತೀರ್ಥೇಶನ ವ್ಯಾನಿನ ಹಿಂದಿನ ಗಾಜಿನ ಮೇಲೆ ಕೆಂಪು ಅಕ್ಷರದ ಒಂದು ಬೋರ್ಡು ಇತ್ತು: ‘ಹೊಸ ಇಂಜಿನ್. ರನ್ನಿಂಗಿನಲ್ಲಿದೆ.’ ಇಂಥ ಬೋರ್ಡನ್ನು ಜನ ಒಂದು ತಿಂಗಳು ಹಾಕಿಕೊಳ್ಳುತ್ತಾರೆ, ತೀರಾ ಜಂಬದವರಾದರೆ ಎರಡು ತಿಂಗಳು. ತೀರ್ಥೇಶ ಹೋದ ಯುಗಾದಿಗೆ ಅಂಟಿಸಿದ್ದು ಈ ಯುಗಾದಿ ಕಳೆದರೂ ಇಳಿದಿರಲಿಲ್ಲ. ಬಿಸಿಲಿಗೆ ಕೆಂಪು ಹೋಗಿ ಗುಲಾಬಿ ಬಣ್ಣಕ್ಕೆ ಬಂದಿತ್ತು. ಇಂಜಿನ್ ಮಾತ್ರ ಇನ್ನೂ ಹೊಸದೇ.

ಆ ಬೋರ್ಡಿಗೆ ಮುಂಚೆ ವ್ಯಾನು ತೀರ್ಥೇಶನದಾಗಿದ್ದುದು ಆರ್‌ಸಿ ಬುಕ್ಕಿನಲ್ಲಿ ಮಾತ್ರ. ಊರಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ, ಯಾರ ಭಾವಮೈದ ಕಡೂರಿನಲ್ಲಿ ರೈಲು ಇಳಿದರೂ ಮೊದಲು ತಟ್ಟುವ ಬಾಗಿಲು ಅವನದೇ. ಪೆಟ್ರೋಲಿಗೆ ಕೊಡುವವರು ಕೊಡುತ್ತಿದ್ದರು, ಕೊಡದವರು ಆಶೀರ್ವಾದ ಮಾಡುತ್ತಿದ್ದರು. ಆಶೀರ್ವಾದದಲ್ಲಿ ಓಡುವ ಇಂಜಿನ್ನನ್ನು ಇನ್ನೂ ಯಾವ ಕಂಪನಿಯೂ ತಯಾರಿಸಿಲ್ಲ. ಎಂಟು ಜನ ಕೂರುವಲ್ಲಿ ಹದಿನಾಲ್ಕು ಜನ ಕೂತೂ ಕೂತೂ ಒಂದು ದಿನ ಅದು ಬೀರೂರಿನ ಹತ್ತಿರ ಕೈಕೊಟ್ಟಿತು.

ಕಡೂರಿನ ಗ್ಯಾರೇಜಿನ ಅಬ್ದುಲ್ ಮಜೀದ್ ಇಂಜಿನ್ ಇಳಿಸಿ, ಸವೆದ ಸಿಲಿಂಡರನ್ನು ಬೋರ್ ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿ ಮತ್ತೆ ಕೂರಿಸಿದ. ಕೀಲಿಕೈ ಕೊಡುವಾಗ ಎಲೆಅಡಿಕೆ ತುಂಬಿದ ಬಾಯಲ್ಲೇ ಹೇಳಿದ:

“ಸಾವಿರ ಕಿಲೋಮೀಟ್ರು ರನ್ನಿಂಗಲ್ಲಿರ್ಲಿ ತೀರ್ಥೇಶಣ್ಣ. ಐವತ್ತು ದಾಟಿಸಬ್ಯಾಡಿ, ಕುರಿ ತುಂಬ್ದಂಗೆ ಜನ ತುಂಬಬ್ಯಾಡಿ. ಆಮೇಲೆ ಆಯಿಲ್ ಬದಲಾಯಿಸಕ್ಕೆ ಬನ್ನಿ, ಮಿಕ್ಕಿದ್ದು ಹೇಳ್ತೀನಿ.”

ಮಿಕ್ಕಿದ್ದು ಕೇಳಲು ತೀರ್ಥೇಶನಿಗೆ ಪುರುಸೊತ್ತಿರಲಿಲ್ಲ. ‘ಜನ ತುಂಬಬ್ಯಾಡಿ’ ಎಂಬಷ್ಟು ಕಿವಿಗೆ ಬಿದ್ದದ್ದೇ ತಡ, ಅವನಿಗೆ ಬದುಕಿನ ದಾರಿ ಕಂಡುಬಿಟ್ಟಿತ್ತು. ಊರಿಗೆ ಬರುವ ಮೊದಲೇ ಸ್ಟಿಕ್ಕರ್ ಅಂಗಡಿಯ ಮುಂದೆ ನಿಲ್ಲಿಸಿ ಬೋರ್ಡು ಬರೆಸಿದ.

ಮಾರನೆಯ ದಿನ ಮೊದಲು ಬಂದವಳು ಪಕ್ಕದ ಮನೆಯ ಈರಕ್ಕ. ಅವಳ ಮಂಡಿ ಸವೆದಿತ್ತು. ಹದಿನೈದು ದಿನಕ್ಕೊಮ್ಮೆ ಕಡೂರಿನ ಆಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿಕೊಂಡು ಬರಬೇಕಿತ್ತು. ಊರಿನ ಅರ್ಧ ಮಕ್ಕಳಿಗೆ ಎಣ್ಣೆ ತಿಕ್ಕಿ ನೀರೆರೆದ ಕೈ ಅವಳದು. ತೀರ್ಥೇಶನ ಹೆಂಡತಿ ನಯನಳ ಬಾಣಂತನ ಮಾಡಿದವಳೂ ಅವಳೇ. ಅದನ್ನು ಒಂದು ದಿನವೂ ಎತ್ತಿ ಆಡಿದವಳಲ್ಲ. ತೀರ್ಥೇಶನಿಗೆ ಅದೇ ಕಿರಿಕಿರಿ. ಎತ್ತಿ ಆಡಿದ್ದರೆ ಒಂದು ಜಗಳವಾದರೂ ಮಾಡಬಹುದಿತ್ತು.

“ಇವತ್ತು ಕಡೂರ್ ಕಡೀಕ್ ಹೋಗ್ತೀಯೇನಪ್ಪಾ?”

“ಹೋಗ್ತೀನಿ ಈರಕ್ಕ. ಆದ್ರೆ ಇಂಜಿನ್ ಹೊಸದು ನೋಡು. ಭಾರ ಹೊರಂಗಿಲ್ಲ, ಜೋರಾಗಿ ಓಡಂಗಿಲ್ಲ. ಒಂದಷ್ಟು ದಿನ ನಾಜೂಕಾಗಿ ನೋಡ್ಕಬೇಕು ಅಂದವ್ರೆ.”

ಈರಕ್ಕ ಗಲ್ಲದ ಮೇಲೆ ಕೈಯಿಟ್ಟು ವ್ಯಾನನ್ನು ಮೇಲಿಂದ ಕೆಳಗೆ ನೋಡಿದಳು.

“ಬಾಣಂತಿ ಅನ್ನು ಮತ್ತೆ. ಅದುನ್ನ ಮೊದ್ಲೇ ಹೇಳ್ಬಾರ್ದಾ? ಈಗ ಭಾರ ಹೊರಿಸಿದ್ರೆ ಸೊಂಟ ಹೋಗ್ಬಿಡ್ತದೆ ಕಣೋ. ನಾನ್ ಬಸ್ಸಿಗೆ ಹೋಗ್ತೀನಿ, ನೀನ್ ಹುಷಾರಾಗಿ ನೋಡ್ಕೋ.”

ಜನ ಬೈಯುತ್ತಾರೆ, ತಾನು ಮಾತಾಡದೆ ಬೋರ್ಡು ತೋರಿಸಬಹುದು ಎಂದೆಲ್ಲ ತೀರ್ಥೇಶ ಯುದ್ಧಕ್ಕೆ ತಯಾರಾಗಿದ್ದ. ಯಾರೂ ಬೈಯಲಿಲ್ಲ. ಈರಕ್ಕ ಬೀದಿ ಬೀದಿಗೂ ಸುದ್ದಿ ಮುಟ್ಟಿಸಿದ್ದಳು. ವ್ಯಾನಿನ ಹತ್ತಿರ ಚೆಂಡಾಡುವ ಮಕ್ಕಳನ್ನು ಗದರಿಸಿ ಓಡಿಸಿದಳು. ಎದುರು ಸಿಕ್ಕ ಟ್ರ್ಯಾಕ್ಟರಿನವರು ಪಕ್ಕಕ್ಕೆ ನಿಲ್ಲಿಸಿ, “ಹೆಂಗೈತೆ ಇಂಜಿನ್ನು?” ಎಂದು ಕಾಳಜಿಯಿಂದ ಕೇಳಿದರು. ಚಳಿಗಾಲ ಬಂದಾಗ ಈರಕ್ಕ ಒಂದು ಹಳೆ ಕಂಬಳಿ ತಂದು ವ್ಯಾನಿನ ಮೂತಿಗೆ ಹೊದಿಸಿದಳು. ಇಂಜಿನ್ ಇರುವುದು ಸೀಟಿನ ಕೆಳಗೆ ಎಂದು ತೀರ್ಥೇಶ ತಿಳಿಸಿದ ಮೇಲೆ, ಕಂಬಳಿಯನ್ನು ಸೀಟಿನ ಮೇಲೆ ಹಾಸಿ ನಾಲ್ಕೂ ಕಡೆ ಒಳಗೆ ಸಿಕ್ಕಿಸಿ ಹೋದಳು. ಇಷ್ಟು ನಂಬುವ ಜನರಿಗೆ ಸುಳ್ಳು ಹೇಳುವುದರಲ್ಲಿ ಏನೂ ಕಷ್ಟವಿಲ್ಲ, ಸ್ವಲ್ಪ ಬೇಜಾರು ಅಷ್ಟೇ. ಆ ಬೇಜಾರನ್ನು ತೀರ್ಥೇಶ ಧೈರ್ಯವಾಗಿ ನುಂಗಿಕೊಂಡ.

ಒಂದು ಸಂಜೆ ನಯನ ವ್ಯಾನಿನೊಳಗೆ ಬಗ್ಗಿ ಮೀಟರ್ ನೋಡಿ, “ಸಾವಿರ ದಾಟಿ ಎಷ್ಟೋ ಆಯ್ತಲ್ರೀ,” ಎಂದಳು. ಮಾರನೆಯ ದಿನವೇ ಮೀಟರಿನ ಕೇಬಲ್ ತಾನಾಗಿ ಕಳಚಿಕೊಂಡಿತು. ತಾನಾಗಿ ಕಳಚಿಕೊಳ್ಳಲು ಅದಕ್ಕೆ ಸ್ಪ್ಯಾನರ್ ಎಲ್ಲಿ ಸಿಕ್ಕಿತೋ ದೇವರಿಗೇ ಗೊತ್ತು. ಮೀಟರ್ ನಿಂತ ಮೇಲೆ ಸಾವಿರ ಆಗಿದೆ ಎನ್ನಲು ಆಧಾರವಿಲ್ಲ. ಆಧಾರವಿಲ್ಲದೆ ಮಾತಾಡುವವನಲ್ಲ ತೀರ್ಥೇಶ. ಆಯಿಲ್ ಬದಲಾಯಿಸಲು ಮಜೀದನ ಹತ್ತಿರ ಹೋದರೆ ಅವನು ‘ರನ್ನಿಂಗ್ ಮುಗೀತು’ ಎಂದುಬಿಟ್ಟಾನು ಎಂದು ಹೆದರಿ ಬೇರೆ ಅಂಗಡಿಯಲ್ಲಿ ಹಾಕಿಸಿಕೊಂಡ.

ಕಾರ್ತಿಕದಲ್ಲಿ ಈರಕ್ಕನ ತಂಗಿ ತರೀಕೆರೆ ಹತ್ತಿರದ ಅಮೃತಾಪುರದಲ್ಲಿ ಹೊಸ ಮನೆಯ ಗೃಹಪ್ರವೇಶ ಇಟ್ಟುಕೊಂಡಳು. ಈರಕ್ಕ ಬಂದು ಜಗಲಿಯ ಅಂಚಿನಲ್ಲಿ ಕೂತು, ಬಹಳ ಸಂಕೋಚದಿಂದ, “ಬಾಣಂತನ ಮುಗೀತಾ ಮಗ?” ಎಂದು ಕೇಳಿದಳು.

“ಇನ್ನೂ ಇಲ್ಲ ಈರಕ್ಕ.”

“ಆಗ್ಲಿ ಬುಡು. ಆತುರ ಪಡಬ್ಯಾಡ.”

ಅವಳು ತರೀಕೆರೆಯವರೆಗೆ ಬಸ್ಸಿನಲ್ಲಿ ನಿಂತೇ ಹೋದಳು. ವಾಪಸು ಬಂದ ಮೇಲೆ ಒಂದು ವಾರ ಮಂಡಿ ಮಡಿಸಲಾಗಲಿಲ್ಲ. ಹೆಂಗಸರಿಗೆ ಸರ್ಕಾರವೇ ಬಸ್ಸು ಫ್ರೀ ಬಿಟ್ಟಿರುವಾಗ ನಡುವೆ ತಾನು ಕೈಹಾಕುವುದು ಸರಿಯಲ್ಲ ಎಂದು ತೀರ್ಥೇಶ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡು, ಎಂಟು ಸೀಟಿನ ವ್ಯಾನಿನಲ್ಲಿ ಒಬ್ಬನೇ ಕೂತು, ಟಾಪ್ ಗೇರಿನಲ್ಲಿ, ಮೀಟರಿಲ್ಲದಿದ್ದರೂ ಅಂದಾಜಿನ ಮೇಲೆ ನಲವತ್ತು ದಾಟಿಸದೆ, ಕಡೂರಿಗೆ ಹೋಗಿ ಟೀ ಕುಡಿದು ಬಂದ.

ಈ ಯುಗಾದಿ ಆದ ಮೇಲೆ ವ್ಯಾನು ನೀಲಿ ಹೊಗೆ ಉಗುಳತೊಡಗಿತು. ಮೊದಮೊದಲು ಊದುಬತ್ತಿಯಷ್ಟು, ಆಮೇಲೆ ಸೊಳ್ಳೆಗೆ ಹೊಡೆಯುವ ಹೊಗೆಯಷ್ಟು. ತೀರ್ಥೇಶ ಅದನ್ನು ಮಜೀದನ ಗ್ಯಾರೇಜಿಗೆ ತಂದು ನಿಲ್ಲಿಸಿದ. ಮಜೀದ್ ಆಯಿಲ್ ನೋಡುವ ಕಡ್ಡಿ ಎಳೆದ. ಕಡ್ಡಿಯ ತುದಿ ಒಣಗಿತ್ತು.

“ಏನ್ ಮಾಡಿದ್ರಿ ಇದುನ್ನ?”

“ಒಂದ್ ದಿನಾನೂ ನಲವತ್ತು ದಾಟಿಸಿಲ್ಲ ಮಜೀದಣ್ಣ. ನನ್ನ ಬಿಟ್ಟು ಒಂದು ನರಪಿಳ್ಳೆನೂ ಹತ್ತಿಸಿಲ್ಲ,” ಎಂದ ತೀರ್ಥೇಶ, ಬಹುಮಾನಕ್ಕೆ ಕೈ ಚಾಚುವವನ ಹಾಗೆ.

“ಎಷ್ಟ್ ದಿನ?”

“ವರ್ಷ ಪೂರ್ತಿ.”

ಮಜೀದ್ ಪಕ್ಕದ ಟಿಂಕರಿಂಗ್ ಅಂಗಡಿಯವರನ್ನೂ ಎದುರಿನ ಪಂಕ್ಚರ್ ಅಂಗಡಿಯವನನ್ನೂ ಕೂಗಿ ಕರೆದು, ಅದೇ ಮಾತನ್ನು ತೀರ್ಥೇಶನ ಬಾಯಿಂದ ಇನ್ನೊಂದು ಸಲ ಹೇಳಿಸಿದ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಹೇಳಿದ:

“ಕುರಿ ತುಂಬ್ದಂಗೆ ತುಂಬಬ್ಯಾಡಿ ಅಂದೆ. ಜನಾನೇ ಹತ್ತಿಸಬ್ಯಾಡಿ ಅಂದ್ನಾ? ಮೊದ್ಲು ಒಂದಷ್ಟು ದಿನ ಹುಷಾರು. ಆಮೇಲೆ ನಾಲ್ಕ್ ಜನ ಹತ್ತಿಸ್ಕಂಡು ಏರು ಇಳುಕ್ಲು ನೋಡಿಸಿ ದುಡಿಸ್ಬೇಕು ಕಣ್ರೀ. ದುಡುದ್ರೇನೇ ರಿಂಗು ಬೋರಿಗೆ ಉಜ್ಜಿ ಹೊಂದ್ಕಳದು. ನೀವು ಮುದ್ದು ಮಾಡಿ ಮಾಡಿ ಬೋರು ಕನ್ನಡಿ ಥರ ನುಣ್ಣಗಾಗೈತೆ. ಆಯಿಲೆಲ್ಲಾ ಮೇಲಕ್ ಬಂದು ಉರೀತೈತೆ.”

“ಈಗೇನ್ ಮಾಡದು?”

“ಆಯಿಲ್ ತುಂಬಿಸಿ ಕೊಡ್ತೀನಿ. ಗಾಡಿ ತುಂಬ ಜನ ಕೂರಿಸ್ಕಂಡು, ತರೀಕೆರೆ ದಾಟಿ ಹೋಗಿ, ಕೆಮ್ಮಣ್ಣುಗುಂಡಿ ಏರು ನಾಲ್ಕೈದು ಸಲ ಹತ್ತಿಸಿ. ಹೊಂದ್ಕಂಡ್ರೆ ನಿಮ್ಮ ಪುಣ್ಯ. ಇಲ್ಲಾಂದ್ರೆ ಇಂಜಿನ್ ಮತ್ತೆ ಬಿಚ್ಚಬೇಕಾಯ್ತದೆ.”

ಸಂಜೆ ಮನೆಯಲ್ಲಿ ಇಂಜಿನ್ ಬಿಚ್ಚುವ ಮಾತು ಕೇಳಿದ ನಯನ ಒಲೆಯ ಮುಂದಿಂದ ತಿರುಗಿಯೂ ನೋಡಲಿಲ್ಲ. ಹೋದ ವರ್ಷ ಇಂಜಿನ್ನಿಗೆ ಸುರಿದದ್ದು ಅವಳು ಹೊಸ ಬಚ್ಚಲುಮನೆಗೆಂದು ಕೂಡಿಟ್ಟ ದುಡ್ಡು.

“ಬಿಚ್ಚೋ ಹಂಗಿದ್ರೆ ಅದು ಗುಜರಿಗೆ ಹೋಗ್ತದೆ. ಬಂದಿದ್ರಲ್ಲಿ ಬಚ್ಚಲು ಕಟ್ಟಿಸ್ತೀನಿ,” ಎಂದಳು.

ನಯನ ಹೇಳಿದ್ದನ್ನು ಮಾಡುವವಳು. ತೀರ್ಥೇಶನಿಗೆ ಆ ವ್ಯಾನೆಂದರೆ ನಿಜಕ್ಕೂ ಪ್ರಾಣ. ಅದು ಹೋದರೆ ತಾನೂ ನಾಳೆಯಿಂದ ಬಸ್‌ಸ್ಟಾಪಿನಲ್ಲಿ ನಿಂತು, ಇಷ್ಟು ದಿನ ಬಿಟ್ಟು ಬಂದ ಜನರ ನಡುವೆಯೇ ಕಂಬಿ ಹಿಡಿದು ನೇತಾಡಬೇಕು, ಅದೂ ಟಿಕೆಟ್ ತೆಗೆದುಕೊಂಡು. ಜನರ ಬದಲು ತೆಂಗಿನಕಾಯಿ ಮೂಟೆ ಹೇರೋಣವೆಂದು ಒಂದು ಗಳಿಗೆ ಯೋಚಿಸಿದ. ಆದರೆ ಹೇರಬೇಕಾದ್ದು ಈರಕ್ಕನ ಕಣ್ಣೆದುರಿಗೆ. ಅವಳ ಮಂಡಿಗೆ ಆಗದ ಗಾಡಿ ಕಾಯಿಮೂಟೆಗೆ ಹೇಗೆ ಆಯಿತು ಎಂದು ಊರೇ ಕೇಳುತ್ತಿತ್ತು. ಅಂತೂ ಜನವೇ ಬೇಕಾಯಿತು.

ಮಾರನೆಯ ಬೆಳಿಗ್ಗೆ ಬೋರ್ಡು ಕಿತ್ತು, ಸೀಟೆಲ್ಲ ಒರೆಸಿ, ವ್ಯಾನನ್ನು ಬಸ್‌ಸ್ಟಾಪಿಗೆ ತಂದು ನಿಲ್ಲಿಸಿದ. ಅಲ್ಲಿ ಈರಕ್ಕ ಇದ್ದಳು. ಆಸ್ಪತ್ರೆಯ ದಿನ. ಜೊತೆಗೆ ಏಳೆಂಟು ಜನರಿದ್ದರು. ಅವನ ಲೆಕ್ಕಕ್ಕೆ ಹೇಳಿ ಮಾಡಿಸಿದಷ್ಟು.

“ಬನ್ನಿ, ಎಲ್ಲಾರೂ ಹತ್ತಿ. ಈರಕ್ಕ, ಆಸ್ಪತ್ರೆಗೆ ತೋರಿಸ್ಕಂಡು ಹಂಗೇ ಅಮೃತಾಪುರಕ್ಕೆ ಹೋಗಿ ನಿನ್ನ ತಂಗೀನೂ ನೋಡ್ಕಂಡು, ಕೆಮ್ಮಣ್ಣುಗುಂಡಿ ತಂಕ ಹೋಗಿ ಬರೋಣ. ದುಡ್ಡು ಗಿಡ್ಡು ಏನೂ ಬ್ಯಾಡ.”

ಯಾರೂ ಮಿಸುಕಲಿಲ್ಲ. ಎಲ್ಲರೂ ಈರಕ್ಕನ ಮುಖ ನೋಡಿದರು. ಈರಕ್ಕ ವ್ಯಾನಿನ ಹಿಂದಕ್ಕೆ ಕುಂಟುತ್ತ ಹೋಗಿ ಗಾಜು ನೋಡಿ ಬಂದಳು.

“ಬೋರ್ಡ್ ಯಾಕ್ ತೆಗುದೆ ಮಗ?”

“ರನ್ನಿಂಗ್ ಮುಗೀತು.”

“ಮುಗುದಿದ್ರೆ ಇಷ್ಟ್ ಹೊಗೆ ಯಾಕ್ ಬತ್ತೈತೆ? ಇನ್ನೂ ನಿತ್ರಾಣ ಐತೆ ಅದುಕ್ಕೆ.” ಅವಳು ಜನರ ಕಡೆ ತಿರುಗಿದಳು. “ನಾವು ಬಿಸ್ಲಲ್ಲಿ ನಿಂತಿರದು ನೋಡಕ್ಕಾಗ್ದೆ ಕರೀತಾವ್ನೆ ಪಾಪ. ಯಾರೂ ಹತ್ತಬ್ಯಾಡ್ರಿ.”

ಹತ್ತಲು ಒಂದು ಕಾಲು ಎತ್ತಿದ್ದ ಮುದುಕನೊಬ್ಬ ನಾಚಿಕೊಂಡು ಕಾಲು ಕೆಳಗಿಟ್ಟ. ಅಷ್ಟರಲ್ಲಿ ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ತೀರ್ಥೇಶನಿಗೆ ಬೇರೆ ದಾರಿ ಉಳಿಯಲಿಲ್ಲ. ಒಂದು ವರ್ಷದಿಂದ ಬಾಯಿಗೆ ಬಾರದಿದ್ದ ಮಾತು ಆವತ್ತು ಎಲ್ಲರೆದುರು ಬಂತು.

“ಈರಕ್ಕ, ಅದುಕ್ಕೆ ಆಗ್ಲೂ ಏನೂ ಆಗಿರ್ಲಿಲ್ಲ. ರನ್ನಿಂಗ್ ಎಲ್ಲಾ ಹೋದ್ ವರ್ಷವೇ ಮುಗೀತು. ನಿಮ್ಮನ್ನೆಲ್ಲಾ ಹತ್ತಿಸ್ಕಳದು ಬ್ಯಾಡ ಅಂತ ನಾನೇ ಸುಳ್ಳು ಹೇಳ್ಕಂಡು ಬಂದೆ. ಮೀಟ್ರೂ ನಾನೇ ಕಿತ್ತಿದ್ದು.”

ಈರಕ್ಕ ಅವನನ್ನೇ ದಿಟ್ಟಿಸಿದಳು. ಅವಳ ಕಣ್ಣಲ್ಲಿ ನೀರಾಡಿತು. ಬೈಯುತ್ತಾಳೆ, ಬೈದುಬಿಡಲಿ ಎಂದು ಅವನಿಗೆ ನಿಜವಾಗಿ ಅನ್ನಿಸಿತು.

“ನೋಡ್ರೇ ಇವನ್ನ,” ಎಂದಳು ಈರಕ್ಕ, ಸೆರಗಿನಿಂದ ಕಣ್ಣೊರೆಸಿಕೊಂಡು. “ನಮ್ಮನ್ನ ಹತ್ತಿಸ್ಕಳಕ್ಕೋಸ್ಕರ ತನ್ ಮೇಲೇ ಸುಳ್ಳು ಹಾಕ್ಕಂತಾವ್ನೆ. ಚಿಕ್ಕೋನಾಗಿದ್ದಾಗ್ಲಿಂದ ಹಿಂಗೇ, ಇಲ್ಲ ಅನ್ನಕ್ಕೇ ಬರಲ್ಲ.” ಅವನ ಗಲ್ಲ ಸವರಿ ಬೆರಳನ್ನು ತುಟಿಗೆ ತಂದುಕೊಂಡಳು.

ಬಸ್ಸು ಬಂತು, ಬಾಗಿಲ ತನಕ ಜನ. ಒಬ್ಬರು ಮೇಲಿಂದ ಕೈ ಹಿಡಿದು, ಇಬ್ಬರು ಕೆಳಗಿಂದ ತಳ್ಳಿ ಈರಕ್ಕನನ್ನು ಹತ್ತಿಸಿದರು. ಎತ್ತರದ ಮೆಟ್ಟಿಲಿಗೆ ಮಂಡಿ ಎತ್ತುವಾಗ ಅವಳು “ಅಯ್ಯಪ್ಪಾ” ಎಂದದ್ದು ತೀರ್ಥೇಶನಿಗೆ ಕೇಳಿಸಿತು. ಎಂಟು ಸೀಟೂ ಖಾಲಿ ಇದ್ದ ವ್ಯಾನಿನ ಬಾಗಿಲು ಹಿಡಿದುಕೊಂಡು ಅವನು ನಿಂತೇ ಇದ್ದ. ಆಮೇಲೆ ಬಾಗಿಲು ಹಾಕಿ, ಸ್ಟಾರ್ಟ್ ಮಾಡಿ, ಏನು ಮಾಡಬೇಕೆಂದು ತೋಚದೆ ಬಸ್ಸಿನ ಹಿಂದೆಯೇ ಹೊರಟ.

ಕಡೂರು ರಸ್ತೆ ಸಿಕ್ಕಿದ ಮೇಲೆ ದುಡಿಸಿಯೇ ನೋಡೋಣವೆಂದು ಆಕ್ಸಿಲೇಟರ್ ಒತ್ತಿದ. ವ್ಯಾನು ಭುಸ್ಸೆಂದು ಹೊಗೆ ಬಿಟ್ಟಿತು. ಬಸ್ಸಿನ ಕೊನೆಯ ಸೀಟಿನಲ್ಲಿ ಯಾರೋ ಈರಕ್ಕನಿಗೆ ಜಾಗ ಬಿಟ್ಟುಕೊಟ್ಟಿದ್ದರು. ಅವಳು ಹಿಂದಿನ ಗಾಜಿನಿಂದ ಅವನನ್ನು ಕಂಡು ಗಾಬರಿಯಾದಳು. ಅಂಗೈ ಕೆಳಗೆ ಮಾಡಿ, ಮಗುವನ್ನು ತಟ್ಟಿ ಮಲಗಿಸುವಾಗಿನಂತೆ, ಮೆಲ್ಲಗೆ, ಮೆಲ್ಲಗೆ ಎಂದು ಸನ್ನೆ ಮಾಡತೊಡಗಿದಳು. ತೀರ್ಥೇಶ ಕಾಲು ಸಡಿಲಿಸಿದ. ಕಡೂರು ಬರುವವರೆಗೂ ಅವಳು ಕೈ ನಿಲ್ಲಿಸಲಿಲ್ಲ, ಅವನು ನಲವತ್ತು ದಾಟಿಸಲಿಲ್ಲ.